ಪೋ-ರೆನ್‌ನ ಕೋಣೆಗೆ ಇನ್ನು ಮೂರು ದಿನ

ಪಟ್ಟಿಯಲ್ಲಿ ಹದಿನೇಳು ಕೋಣೆಗಳಿದ್ದವು. ಹದಿನಾರರ ಎದುರು ಹಸಿರು ಚುಕ್ಕೆ. ಹದಿನೇಳನೆಯದರ ಎದುರು ಬೂದು ಚುಕ್ಕೆ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಇನ್ನು ಮೂರು ದಿನ' ಎಂದಿತ್ತು. ಕೋಣೆಯ ಯಜಮಾನ ಚ್ವಾಂಗ್ ಪೋ-ರೆನ್. ಅವನು ಸತ್ತು ಇಪ್ಪತ್ತಾರು ದಿನಗಳಾಗಿದ್ದವು.

ತೂ ಯುನ್-ಚಿಂಗ್ ಆ ಸಾಲನ್ನು ನೋಡಿದಳು, ಕಣ್ಣು ಬೇರೆ ಕಡೆ ತಿರುಗಿಸಿದಳು, ಮತ್ತೆ ನೋಡಿದಳು. ಬೆಳಗಿನಿಂದ ಇದೇ ಆಗಿತ್ತು. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ಮೂವತ್ತು ದಿನ ಯಾರೂ ತೆರೆಯದ ಕೋಣೆ ತಾನಾಗಿಯೇ ಅಳಿಸಿಹೋಗುತ್ತದೆ, ಕಂಪನಿಯ ನಿಯಮವೇ ಹಾಗೆ. ಅವಳು ಸುಮ್ಮನೆ ಕೂತು ಚಹಾ ಕುಡಿಯುತ್ತಿದ್ದರೂ ಸಾಕು, ಮೂರು ದಿನಕ್ಕೆ ಪೋ-ರೆನ್‌ನ ಕೋಣೆ ಹೋಗುತ್ತಿತ್ತು. ಅದರ ಜೊತೆಗೆ ವೃದ್ಧಾಶ್ರಮದ ಯೆನ್ ಅಜ್ಜಿ ಬಿದ್ದಾಗ ಗಂಟೆ ಹೊಡೆಯದೆ ಹೋದದ್ದು ಯಾರ ತಪ್ಪಿನಿಂದ ಎಂಬುದಕ್ಕೆ ಇದ್ದ ಒಂದೇ ಒಂದು ಸಾಕ್ಷಿಯೂ ಹೋಗುತ್ತಿತ್ತು.

ಕೋಣೆ ಎಂದರೆ ಗೋಡೆ, ಬಾಗಿಲು ಇರುವ ಕೋಣೆಯಲ್ಲ. ತೈಚುಂಗ್ ಊರಿನ ಆ ಕಂಪನಿಯಲ್ಲಿ ಎರಡು ವರ್ಷದ ಹಿಂದಿನವರೆಗೆ ಒಬ್ಬೊಬ್ಬರ ಮೇಜಿಗೂ ಒಂದೊಂದು ಗಟ್ಟಿಮುಟ್ಟಾದ ಕಂಪ್ಯೂಟರ್ ಇತ್ತು. ಬರೆದ ಕೋಡೆಲ್ಲ ಅದರ ಹೊಟ್ಟೆಯೊಳಗೇ. ಆಮೇಲೆ ಮೇಲಿನವರಿಗೆ ಏನು ಹೊಳೆಯಿತೋ, ಅವನ್ನೆಲ್ಲ ಎತ್ತಿ ಸಾಗಹಾಕಿ ಎಲ್ಲರ ಕೆಲಸವನ್ನೂ ಕ್ಲೌಡಿಗೆ ಏರಿಸಿಬಿಟ್ಟರು. ಈಗ ಮೇಜಿನ ಮೇಲಿರುವುದು ತೆಳ್ಳನೆಯ ಲ್ಯಾಪ್‌ಟಾಪ್, ಬರೀ ಕಿಟಕಿ ಅಷ್ಟೇ. ಕೆಲಸ ನಡೆಯುವ ಯಂತ್ರ ಎಲ್ಲೋ ದೂರದಲ್ಲಿರುತ್ತದೆ, ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಆ ಯಂತ್ರದಲ್ಲಿ ಒಬ್ಬೊಬ್ಬರಿಗೆ ಕಡಿದುಕೊಟ್ಟ ಜಾಗಕ್ಕೇ ಇವರು ಕೋಣೆ ಎನ್ನುತ್ತಿದ್ದರು.

ಆ ಊರಲ್ಲಿ ಕಂಪ್ಯೂಟರ್ ಕೆಟ್ಟು ಕೂರಬಾರದೆಂದು ಅದರ ನೆತ್ತಿಯ ಮೇಲೆ ಹಸಿರು ಕುರುಕಲು ತಿಂಡಿಯ ಪೊಟ್ಟಣ ಇಡುತ್ತಾರೆ. ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಯಾರೂ ಅದನ್ನು ಬಿಚ್ಚಿ ತಿನ್ನಬಾರದು. ಹಳೇ ಯಂತ್ರಗಳನ್ನು ಹೊತ್ತುಕೊಂಡು ಹೋದ ದಿನ ಪೊಟ್ಟಣಗಳು ಮಾತ್ರ ಅನಾಥವಾಗಿ ಮೇಜಿನ ಮೇಲೆ ಉಳಿದವು. "ಅಕ್ಕಾ, ಮೋಡದ ಮೇಲೆ ಪೊಟ್ಟಣ ಇಡೋದು ಹೇಗೆ? ಏಣಿ ತರಲಾ?" ಎಂದು ಪೋ-ರೆನ್ ಕೇಳಿದ್ದ. ಆಮೇಲೆ ತನ್ನ ಕೋಣೆಯೊಳಗೆ 'ಹಸಿರು ಪೊಟ್ಟಣ' ಎಂಬ ಒಂದು ಪುಟ್ಟ ಕಡತ ಮಾಡಿ, ಅದರಲ್ಲಿ ತಾರೀಖು ಬರೆದಿಟ್ಟ. ತಾರೀಖು ಮೀರಿದಾಗಲೆಲ್ಲ ತಪ್ಪದೆ ಹೊಸದು ಬರೆಯುತ್ತಿದ್ದ. ಅಂಥ ಹುಡುಗ ಅವನು. ಯುನ್-ಚಿಂಗ್ ಅವನಿಗೆ ಕೆಲಸ ಕಲಿಸಿದವಳು. ವಯಸ್ಸು ನಲವತ್ತಾರು, ತಂಡಕ್ಕೆಲ್ಲ ಅವಳೇ ಅಕ್ಕ.

ಇವರು ಮಾಡುತ್ತಿದ್ದುದು ವೃದ್ಧಾಶ್ರಮಗಳ ಗಂಟೆ. ಮುದುಕರ ಮಣಿಕಟ್ಟಿಗೆ ಒಂದು ಗುಂಡಿ. ಒತ್ತಿದರೆ ಆ ಹೊತ್ತಿನ ದಾದಿಯ ಫೋನು ಒಂದು ಸಲ ಬಡಿದುಕೊಳ್ಳುತ್ತದೆ, ಆ ಕರೆ ಮುಗಿಯುವವರೆಗೆ ಮತ್ತೆ ಒತ್ತಿದರೂ ಬಡಿಯುವುದಿಲ್ಲ. ಒಂದು ನಿಮಿಷದಲ್ಲಿ ಅವಳು ಎತ್ತದಿದ್ದರೆ ಎರಡನೆಯ ಗಂಟೆ, ಈ ಸಲ ಇಡೀ ಆಶ್ರಮದವರ ಫೋನುಗಳೂ ಬಡಿದುಕೊಳ್ಳುತ್ತವೆ. ಎರಡನೆಯದೇ ಮುಖ್ಯ. ಮೊದಲನೆಯದಕ್ಕೆ ದಾದಿ ಯಾರಿಗೋ ಸ್ನಾನ ಮಾಡಿಸುತ್ತಿರಬಹುದು, ಕೈ ತುಂಬ ಸೋಪಿರಬಹುದು.

ಆ ದಿನ ಮಧ್ಯಾಹ್ನ ಯುನ್-ಚಿಂಗ್ ಮೇಜಿನ ಬಳಿಯೇ ಕೂತು ಊಟದ ಡಬ್ಬಿ ಬಿಚ್ಚಿಕೊಂಡಿದ್ದಳು. ಬೆಳಿಗ್ಗೆ ಪೋ-ರೆನ್ ಏನೋ ತೊಡಕು ಬಿಡಿಸಿಕೊಡಲು ಅವಳನ್ನು ತನ್ನ ಕೋಣೆಯೊಳಕ್ಕೆ ಕರೆದಿದ್ದ. ಕ್ಲೌಡಿನಲ್ಲಿ ಹೀಗೆ ಒಬ್ಬರ ಕೋಣೆಗೆ ಇನ್ನೊಬ್ಬರು ಹೋಗಿ ಬರೆಯಬಹುದು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತ ಹಾಗೆ. ಅವನು ಊಟಕ್ಕೆ ಎದ್ದುಹೋದ, ಅವಳ ಪರದೆಯ ಮೇಲೆ ಎರಡು ಟ್ಯಾಬು ಉಳಿದವು. ಒಂದು ಅವಳ ಕೋಣೆ, ಒಂದು ಅವನದು. ಎರಡಕ್ಕೂ ಅದೇ ಬಣ್ಣ, ಅದೇ ಅಕ್ಷರ, ಅದೇ ಕಡತಗಳು. ಅವಳು ಗಂಟೆಯ ಬೇರೇನನ್ನೋ ಪರೀಕ್ಷಿಸುತ್ತಿದ್ದಳು. ನಿಮಿಷಕ್ಕೊಮ್ಮೆ ಎರಡನೆಯ ಗಂಟೆ ಹೊಡೆದುಕೊಂಡು ಊಟ ಗಂಟಲಲ್ಲಿ ಇಳಿಯಗೊಡುತ್ತಿರಲಿಲ್ಲ. ಥತ್ತೇರಿಕೆ ಎಂದು ಅದನ್ನು ಸುಮ್ಮನಾಗಿಸುವ ಒಂದು ಸಾಲು ಬರೆದಳು. ಪರೀಕ್ಷೆ ಮುಗಿದ ಮೇಲೆ ತೆಗೆದರಾಯಿತು ಅಂದುಕೊಂಡಳು.

ಸಂಜೆ ತೆಗೆಯಲು ಹೋದರೆ ಅವಳ ಕೋಣೆಯಲ್ಲಿ ಆ ಸಾಲು ಇರಲಿಲ್ಲ. ಆಗಲೇ ತೆಗೆದಿದ್ದೇನೆ, ಮರೆತಿದ್ದೇನೆ ಎಂದುಕೊಂಡು ಮನೆಗೆ ಹೋದಳು. ಸ್ವಂತ ಕಂಪ್ಯೂಟರಿನ ಕಾಲದಲ್ಲಾಗಿದ್ದರೆ ಇನ್ನೊಬ್ಬನ ಕುರ್ಚಿಯಲ್ಲಿ ಹೋಗಿ ಕೂತದ್ದು ತಿಕಕ್ಕಾದರೂ ಗೊತ್ತಾಗುತ್ತಿತ್ತು. ಪೋ-ರೆನ್ ಮರುದಿನ ತನ್ನ ಕೆಲಸವನ್ನೆಲ್ಲ ಒಟ್ಟುಗೂಡಿಸಿ, ಎಲ್ಲರ ಕೋಡೂ ಸೇರುವ ಕಂಪನಿಯ ಉಗ್ರಾಣಕ್ಕೆ ಕಳಿಸಿದ. ನೋಡಿ ಒಪ್ಪಿಗೆ ಕೊಡಬೇಕಾದವಳು ಯುನ್-ಚಿಂಗ್. ಪೋ-ರೆನ್‌ನ ಕೆಲಸ ತಾನೇ ಎಂದು ಮೇಲೆ ಮೇಲೆ ಕಣ್ಣಾಡಿಸಿ ಒಪ್ಪಿಬಿಟ್ಟಳು, ಅದು ಆಶ್ರಮಗಳ ಗಂಟೆಗೆ ಸೇರಿಹೋಯಿತು.

ನಾಲ್ಕನೆಯ ದಿನ ಪೂಲೀ ಊರಿನ ಆಶ್ರಮದಲ್ಲಿ ಎಂಬತ್ತನಾಲ್ಕು ವರ್ಷದ ಯೆನ್ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟ ಮುರಿಯಿತು. ಗುಂಡಿ ಒತ್ತಿದರು. ಮೊದಲ ಗಂಟೆ ಹೊಡೆದಾಗ ದಾದಿಯ ಕೈ ತುಂಬ ಸೋಪಿತ್ತು. ಎರಡನೆಯ ಗಂಟೆ ಹೊಡೆಯಲಿಲ್ಲ. ನಲವತ್ತು ನಿಮಿಷ ಅವರು ತಣ್ಣನೆಯ ನೆಲದ ಮೇಲೆ ಬಿದ್ದಿದ್ದರು.

ಮೀಟಿಂಗ್ ಕರೆದರು. ಮ್ಯಾನೇಜರ್ ಹೌ ತಪ್ಪಿಗೆ ಕಾರಣವಾದ ಸಾಲನ್ನು ದೊಡ್ಡ ಪರದೆಯ ಮೇಲೆ ತೋರಿಸಿದ. ಯುನ್-ಚಿಂಗ್‌ಗೆ ತಕ್ಷಣ ಗುರುತು ಸಿಕ್ಕಿತು. ಕೋಡಿಗೂ ಕೈಬರಹ ಇರುತ್ತದೆ, ಬರೆದವರಿಗೆ ಗೊತ್ತಾಗುತ್ತದೆ. ಸಾಲಿನ ಪಕ್ಕದಲ್ಲಿದ್ದ ಹೆಸರು ಚ್ವಾಂಗ್ ಪೋ-ರೆನ್. ಪೋ-ರೆನ್ ಪರದೆಯನ್ನೇ ದಿಟ್ಟಿಸಿದ. "ಇದನ್ನ ಬರೆದ ನೆನಪಿಲ್ಲ ಸರ್. ಆದ್ರೆ ನನ್ನ ಹೆಸರಲ್ಲೇ ಹೋಗಿದೆ. ಕಳ್ಸೋ ಮುಂಚೆ ನಾನು ನೋಡ್ಬೇಕಿತ್ತು. ತಪ್ಪು ನಂದೇ," ಎಂದು ಎದ್ದು ನಿಂತು ತಲೆ ಬಗ್ಗಿಸಿದ.

ಅವಳು ಆಗಲೇ ಎದ್ದು ಹೇಳಬೇಕಿತ್ತು. ನಾಳೆ ಹೇಳೋಣ ಅಂದುಕೊಂಡಳು. ಮಗಳ ಕಾಲೇಜು ಪ್ರವೇಶ ಪರೀಕ್ಷೆ ಮುಗಿಯಲಿ ಅಂದುಕೊಂಡಳು. ನಿಜವಾಗಿ ನಾನೇ ಬರೆದದ್ದಾ, ಇಲ್ಲದಿರಬಹುದಲ್ಲವಾ ಎಂದೂ ಅಂದುಕೊಂಡಳು. ಉಗ್ರಾಣಕ್ಕೆ ಹೋಗುವುದು ಕೊನೆಯಲ್ಲಿ ಕಳಿಸಿದವರ ಹೆಸರು ಮಾತ್ರ. ಯಾವ ಸಾಲನ್ನು ಯಾರ ಬೆರಳು ಒತ್ತಿತು ಎಂಬ ದಿನಚರಿ ಕೋಣೆಯೊಳಗೇ ಇರುತ್ತದೆ. ಅದನ್ನು ತೆರೆದು ನೋಡುವ ಅಧಿಕಾರ ಅವಳಿಗಿತ್ತು. ಅಧಿಕಾರವಿದ್ದದ್ದಕ್ಕೇ ನೋಡಲಿಲ್ಲ. ನೋಡಿಬಿಟ್ಟರೆ 'ಇಲ್ಲದಿರಬಹುದು' ಎನ್ನಲು ಬರುತ್ತಿರಲಿಲ್ಲವಲ್ಲ. ಛೆ, ಮನುಷ್ಯರು ಎಷ್ಟು ಜಾಣರು ನೋಡಿ.

ಮೀಟಿಂಗಾದ ಹತ್ತನೆಯ ದಿನ ಬೆಳಿಗ್ಗೆ ಪೋ-ರೆನ್ ಸ್ಕೂಟರಿನಲ್ಲಿ ಕೆಲಸಕ್ಕೆ ಬರುತ್ತಿದ್ದಾಗ ತಿರುವಿನಲ್ಲಿ ಲಾರಿಯೊಂದು ತಾಗಿತು. ಮೂವತ್ತೊಂದು ವರ್ಷ. ಆಸ್ಪತ್ರೆಗೆ ಸೇರಿಸುವಷ್ಟು ಹೊತ್ತೂ ಬದುಕಲಿಲ್ಲ.

"ಅವನ ಕೋಣೆ ಏನ್ ಮಾಡೋದು ಸರ್?" ಎಂದು ಆ ದಿನ, ಇನ್ನು ಮೂರು ದಿನ ಉಳಿದಿದ್ದಾಗ, ಯುನ್-ಚಿಂಗ್ ಮ್ಯಾನೇಜರ್ ಹೌನನ್ನು ಕೇಳಿದಳು. ಅವನೇ ತೆರೆ ಎಂದುಬಿಟ್ಟರೆ ತಾನಾಗಿ ಧೈರ್ಯ ಮಾಡಬೇಕಾದದ್ದು ತಪ್ಪುತ್ತದಲ್ಲ ಎಂಬ ಆಸೆ.

"ಏನ್ ಮಾಡೋದಿದೆ? ತಾನೇ ಹೋಗುತ್ತೆ," ಎಂದ ಹೌ. "ವರದಿ ಮುಗಿದಿದೆ, ಆಶ್ರಮದವರು ಒಪ್ಪಿದಾರೆ. ಸತ್ತೋನ ಕೋಣೆ ಬಗೆದು ಏನು ಸಿಗಬೇಕು ನಿನಗೆ? ಹೋಗಲಿ ಬಿಡು, ಪಾಪ. ಮಲಗಿದಾನೆ ಮಲಗಲಿ."

ಹೌ ಕೆಟ್ಟವನೇನಲ್ಲ. ಅಂತ್ಯಕ್ರಿಯೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವನು ಅವನೇ. ಆದರೆ ಮುಗಿದದ್ದು ಮುಗಿದೇ ಇರಲಿ ಎನ್ನುವ ಜಾತಿ.

ಆಗ ಕೆಳಗಿನ ಕಾವಲುಗಾರನಿಂದ ಫೋನು ಬಂತು. "ಯುನ್ ಅಕ್ಕಾ, ಚ್ವಾಂಗ್‌ನ ತಾಯಿ ಬಂದಿದಾರೆ. ಒಳಗೆ ಬನ್ನಿ ಅಂದ್ರೆ ಬರ್ತಿಲ್ಲ, ರಸ್ತೆಯಲ್ಲೇ ನಿಂತಿದಾರೆ."

ಬರುವುದೂ ಇಲ್ಲ. ಸಾವಾದ ಮನೆಯವರು ನೂರು ದಿನ ಇನ್ನೊಬ್ಬರ ಹೊಸ್ತಿಲು ತುಳಿಯುವುದಿಲ್ಲ. ಸೂತಕ ಎಂದರೆ ಸೂತಕ. ಯುನ್-ಚಿಂಗ್ ಓಡಿ ಇಳಿದಳು. ಪೋ-ರೆನ್‌ನ ತಾಯಿ ಒಣಕಡ್ಡಿಯಂತೆ ಬಡಕಲಾದ ಹೆಂಗಸು, ಊರ ತೆಂಕಣ ಕೇರಿಯಲ್ಲಿ ಬೆಳಗಿನ ತಿಂಡಿಯ ಅಂಗಡಿ ನಡೆಸುವವರು. ತೋಳಿಗೆ ಸೂತಕದ ಬಟ್ಟೆಯ ತುಂಡು ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ ಹಿಡಿದು, ಬಾಗಿಲಿಂದ ಹತ್ತು ಹೆಜ್ಜೆ ದೂರ ಬಿಸಿಲಲ್ಲಿ ನಿಂತಿದ್ದರು.

"ತೂ ಮೇಡಂ, ಕೆಲಸದ ಹೊತ್ತಲ್ಲಿ ತೊಂದರೆ ಕೊಟ್ಟೆ," ಎಂದರು.

"ಅಯ್ಯೋ ಅಮ್ಮ, ಬಿಸಿಲಲ್ಲಿ ನಿಂತಿದೀರಲ್ಲ. ನೆರಳಿಗಾದ್ರೂ ಬನ್ನಿ."

"ಬೇಡ, ನೆರಳು ನಿಮ್ಮ ಕಟ್ಟಡದ್ದು." ಪಾತ್ರೆ ಮುಂದೆ ಚಾಚಿದರು. "ಹಂದಿಕಾಲು, ಶಾವಿಗೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೇಯಿಸಿದೆ. ಆ ಅಜ್ಜಿಗೆ ಕೊಡ್ಬೇಕು."

ಯಾರಿಗಾದರೂ ನಿನ್ನಿಂದ ಕೇಡಾದರೆ ಹಂದಿಕಾಲು ಹಾಕಿದ ಶಾವಿಗೆ ತೆಗೆದುಕೊಂಡು ಹೋಗಿ ಕೊಟ್ಟು ಬರಬೇಕು. ಅವರು ತಿಂದರೆ ಅವರ ಕೆಟ್ಟ ಗಳಿಗೆ ಕಳೆಯಿತು, ನಿನ್ನ ತಪ್ಪೂ ಅಷ್ಟರಮಟ್ಟಿಗೆ ಹಗುರಾಯಿತು. ಯುನ್-ಚಿಂಗ್‌ಗೆ ಇದು ಗೊತ್ತಿಲ್ಲದ್ದೇನಲ್ಲ.

"ನಾನೇ ಹೋಗ್ಬೇಕಿತ್ತು. ಸೂತಕದೋಳು ಕಾಯಿಲೆಯೋರ ಮನೆಗೆ ಹೋಗೋದಾ? ನಲವತ್ತೊಂಬತ್ತನೇ ದಿನ ಮೇಲೆ ಅವನ ಪಾಪಪುಣ್ಯದ ಲೆಕ್ಕ ಮುಗಿಯುತ್ತೆ, ಅಷ್ಟರೊಳಗೆ ಅವನ ತಪ್ಪು ಅವನ ತಲೆ ಮೇಲಿಂದ ಇಳೀಬೇಕು. ನೀವು ಅವನಿಗೆ ಗುರು ಇದ್ದ ಹಾಗೆ. ಮನೆಗೆ ಬಂದ್ರೆ ಬರೀ ಅಕ್ಕ ಅಕ್ಕ ಅಂತ ನಿಮ್ಮದೇ ಮಾತು. ಅವನ ಹೆಸರು ಹೇಳಿ, ಅವನ ಪರವಾಗಿ ತಲೆ ಬಗ್ಗಿಸಿ ಕೊಟ್ಟು ಬನ್ನಿ ಮೇಡಂ. ಅಷ್ಟು ಮಾಡಿ."

ಆಗಲಾದರೂ ಹೇಳಬಹುದಿತ್ತು. ಅಮ್ಮಾ, ತಲೆ ಬಗ್ಗಿಸಬೇಕಾದವಳು ನಾನು, ಅವನಲ್ಲ ಎಂದು. ಪಾತ್ರೆ ಇನ್ನೂ ಬಿಸಿಯಾಗಿತ್ತು. ಯುನ್-ಚಿಂಗ್ ಅದನ್ನು ಎರಡೂ ಕೈಯಿಂದ ಇಸಕೊಂಡು, "ಆಯ್ತಮ್ಮ, ಈಗಲೇ ಹೋಗ್ತೀನಿ," ಎಂದಳು.

ಬಸ್ಸಿನಲ್ಲಿ ತೊಡೆಯ ಮೇಲೆ ಪಾತ್ರೆ ಇಟ್ಟುಕೊಂಡು ಕೂತಳು. ಪಕ್ಕದವಳು "ಘಮ್ ಅಂತಿದೆ, ಯಾರ ಮನೆಗೆ?" ಎಂದು ಕೇಳಿದರೆ ಪಾತ್ರೆಗೆ ಸುತ್ತಿದ ಬಟ್ಟೆಯ ಗಂಟನ್ನು ಇನ್ನಷ್ಟು ಬಿಗಿ ಮಾಡಿದಳು.

ಯೆನ್ ಅಜ್ಜಿ ಗಾಲಿಕುರ್ಚಿಯಲ್ಲಿ ಕಿಟಕಿಯ ಹತ್ತಿರ ಕೂತಿದ್ದರು. ಸೊಂಟ ಮುರಿದಿತ್ತೇ ಹೊರತು ಬಾಯಿ ಗಟ್ಟಿಯಾಗಿಯೇ ಇತ್ತು. "ಓಹೋ, ಗಂಟೆ ಕಂಪನಿಯೋಳಾ? ಬಾ ಬಾ. ಈಗ ಹೊಡೆಯುತ್ತಾ ನಿನ್ನ ಗಂಟೆ?" ಎಂದು ಬೇಕೆಂದೇ ಗುಂಡಿ ಒತ್ತಿದರು. ದಾದಿ ಅಲ್ಲೇ ಪಕ್ಕದಲ್ಲಿದ್ದಳು, ಫೋನು ಬಡಿದುಕೊಂಡಿತು. "ಎತ್ಬೇಡ ಕಣೇ, ಎರಡನೇದು ನೋಡೋಣ," ಎಂದರು ಅಜ್ಜಿ. ಒಂದು ನಿಮಿಷಕ್ಕೆ ಇಡೀ ಆಶ್ರಮ ಬಡಿದುಕೊಂಡಿತು, ಅಡುಗೆಯವನು ಸೌಟು ಹಿಡಿದೇ ಓಡಿಬಂದ. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ದಿನಾ ಒಂದ್ಸಲ ಹೀಗೆ ಮಾಡ್ತೀನಿ. ನಿಮ್ಮನ್ನ ನಂಬಿ ಕೂರಕ್ಕಾಗುತ್ತಾ?"

ಯುನ್-ಚಿಂಗ್ ಪಾತ್ರೆ ಬಿಚ್ಚಿ ಮುಂದಿಟ್ಟು ಸೊಂಟ ಮಡಿಸಿ ಬಗ್ಗಿದಳು. "ಅಜ್ಜಿ, ಚ್ವಾಂಗ್ ಪೋ-ರೆನ್ ಅಂತ ನಮ್ಮ ಹುಡುಗ. ಅವನ ತಪ್ಪಿನಿಂದ ನಿಮಗೆ ಹೀಗಾಯ್ತು. ಅವನ ತಾಯಿ ಕಳ್ಸಿದಾರೆ. ಅವನ ಪರವಾಗಿ ಕ್ಷಮೆ ಕೇಳ್ತಿದೀನಿ."

ಅಜ್ಜಿಗೆ ಶಾವಿಗೆಯ ಮೇಲೆ ಕಣ್ಣಿತ್ತು. ಒಂದು ತುತ್ತು ಬಾಯಿಗಿಟ್ಟುಕೊಂಡರು. "ಚೆನ್ನಾಗಿ ಬೆಂದಿದೆ. ಕಾಲಿನ ಮೂಳೆ ಕೂಡ ಕರಗಿದೆ. ಹುಡುಗ ಯಾಕೆ ಬರ್ಲಿಲ್ಲ? ಹೆದರಿಕೆಯಾ? ತಿನ್ನಲ್ಲ ಅಂತ ಹೇಳು ಅವನಿಗೆ, ನನಗೆ ಹಲ್ಲಿಲ್ಲ."

"ಅವನು ತೀರಿಹೋದ ಅಜ್ಜಿ. ಸ್ಕೂಟರು ಅಪಘಾತ. ತಿಂಗಳಾಗ್ತಾ ಬಂತು."

ಅಜ್ಜಿಯ ಕೈ ಅಲ್ಲೇ ನಿಂತಿತು. "ವಯಸ್ಸೆಷ್ಟು?"

"ಮೂವತ್ತೊಂದು."

ಅಜ್ಜಿ ಊಟದ ಕಡ್ಡಿಗಳನ್ನು ಕೆಳಗಿಟ್ಟರು. ಬಾಯಲ್ಲಿದ್ದದ್ದನ್ನು ನುಂಗಲಾಗದೆ ಅಂಗೈಗೆ ತೆಗೆದುಕೊಂಡರು. "ನಾನು ಶಾಪ ಹಾಕಿದ್ದೆ ಕಣೇ," ಎಂದರು. ದನಿ ಸಣ್ಣದಾಗಿಬಿಟ್ಟಿತ್ತು. "ನಲವತ್ತು ನಿಮಿಷ ಒಂದೇ ಸಮ ಒತ್ತಿದೆ. ಯಾರೂ ಬರ್ಲಿಲ್ಲ. ನೋವು ತಡೀಲಾರದೆ, ಈ ಗಂಟೆ ಕೆಡಿಸಿದೋನ ಕಾಲು ಮುರೀಲಿ, ಅವನು ದಾರೀಲಿ ಬಿದ್ದು ಸಾಯ್ಲಿ, ಅವನ ಕೂಗೂ ಯಾರಿಗೂ ಕೇಳದೇ ಇರಲಿ ಅಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ತಟ್ಟಿಬಿಡ್ತಾ? ನನ್ನ ಮಾತು ಮಗೂಗೆ ತಟ್ಟಿಬಿಡ್ತಾ?"

"ಇಲ್ಲ ಅಜ್ಜಿ, ಹಾಗೇನಿಲ್ಲ. ಲಾರಿಯವನದ್ದು..."

"ನಿನಗೇನು ಗೊತ್ತು? ಈ ವಯಸ್ಸಿನ ಬಾಯಿ ಸುಳ್ಳಾಗಲ್ಲ." ಅಜ್ಜಿ ಅಳತೊಡಗಿದರು, ಕೆನ್ನೆಯ ಸುಕ್ಕುಗಳಲ್ಲಿ ನೀರು ಹರಿದು ಗಲ್ಲದಿಂದ ತೊಟ್ಟಿಕ್ಕಿತು. "ಅವನ ತಾಯಿಗೆ ಹೇಳು. ನನ್ನದು ಸೊಂಟ, ಕೂಡಿಕೊಳ್ಳುತ್ತೆ. ನಾನು ಅವಳ ಮಗನ್ನ ತಿಂದೆ. ನನ್ನನ್ನ ಕ್ಷಮಿಸು ಅಂತ ಕಾಲಿಗೆ ಬಿದ್ದು ಹೇಳು."

ದಾದಿ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಹೋದಳು. ಶಾವಿಗೆ ಒಂದೇ ತುತ್ತು ಕರಗಿದ ಪಾತ್ರೆಯ ಎದುರು ಯುನ್-ಚಿಂಗ್ ಒಬ್ಬಳೇ ನಿಂತಿದ್ದಳು. ಶಾಪ ಹಾಕಿಸಿಕೊಳ್ಳಬೇಕಾದವಳು ತಾನು, ಕಾಲು ಗಟ್ಟಿಯಾಗಿಟ್ಟುಕೊಂಡು ನಿಂತಿದ್ದೇನೆ ಎನ್ನಿಸಿತು. ಇನ್ನು ಸುಮ್ಮನಿದ್ದರೆ ಸತ್ತವನ ಮೇಲೆ ಮಾತ್ರವಲ್ಲ, ಇಬ್ಬರು ಮುದುಕಿಯರ ಎದೆಯ ಮೇಲೂ ತನ್ನ ಕಲ್ಲನ್ನು ಇಟ್ಟ ಹಾಗೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ತಂಡದವರೆಲ್ಲ ವಾರದ ಮೀಟಿಂಗಿಗೆ ಸೇರಿದ್ದರು. ಒಬ್ಬಳೇ ಕೂತು ತೆರೆದರೆ ಮತ್ತೆ ಮುಚ್ಚಿಬಿಡುತ್ತೇನೆ ಎಂದು ಯುನ್-ಚಿಂಗ್‌ಗೆ ತನ್ನ ಮೇಲೇ ಭಯವಿತ್ತು. ತನ್ನ ಲ್ಯಾಪ್‌ಟಾಪನ್ನು ದೊಡ್ಡ ಪರದೆಗೆ ಸಿಕ್ಕಿಸಿ, "ಪೋ-ರೆನ್‌ನ ಕೋಣೆ ತೆರೀತಿದೀನಿ. ಎಲ್ಲರೂ ನೋಡಿ," ಎಂದಳು.

"ಯುನ್-ಚಿಂಗ್, ಏನಿದು? ನಿನ್ನೇನೇ ಹೇಳಿದ್ನಲ್ಲ," ಎಂದ ಹೌ.

"ಹೇಳಿದ್ರಿ. ಕೂತ್ಕೊಳ್ಳಿ ಸರ್."

ಒತ್ತಿದಳು. ಬೂದು ಚುಕ್ಕೆ ಹಸಿರಾಯಿತು. ಸತ್ತವನ ಹೆಸರಿನ ಎದುರು ಹಸಿರು ಕಂಡು ಮೇಜಿನ ಸುತ್ತ ಯಾರೋ ಉಸಿರೆಳೆದುಕೊಂಡರು. ಅವನು ಬಿಟ್ಟುಹೋದದ್ದು ಹಾಗೆಯೇ ಇತ್ತು. ಅರ್ಧ ಬರೆದ ಸಾಲು, ಅದರ ತುದಿಯಲ್ಲಿ ಮಿಣಿಮಿಣಿ ಎನ್ನುವ ಗೀಟು. ಅವಳು ದಿನಚರಿ ತೆರೆದು ಆ ತಾರೀಖಿಗೆ ಹೋದಳು. ಮಧ್ಯಾಹ್ನ ಹನ್ನೆರಡು ನಲವತ್ತೊಂದು. ಎರಡನೆಯ ಗಂಟೆ ಸುಮ್ಮನಾಗಿಸುವ ಸಾಲು. ಬರೆದವರು, ಅತಿಥಿ, ತೂ ಯುನ್-ಚಿಂಗ್.

"ನಾನು ಬರೆದದ್ದು," ಎಂದಳು. "ನನ್ನ ಕೋಣೆ ಅಂದ್ಕೊಂಡು ಅವನ ಕೋಣೇಲಿ ಬರೆದೆ. ಮೀಟಿಂಗ್ ದಿನಾನೇ ನನಗೆ ಗೊತ್ತಾಯ್ತು. ಬಾಯಿ ಮುಚ್ಕೊಂಡಿದ್ದೆ."

ಮುಗಿಯಿತು ಎಂದು ಅವಳು ಕೋಣೆ ಮುಚ್ಚಲು ಹೊರಟಾಗ ದಿನಚರಿಯ ಕೆಳಗೆ ಇನ್ನೂ ಒಂದು ಗುರುತು ಕಂಡಿತು. ಈ ದಿನಚರಿಯನ್ನು ಇದಕ್ಕೂ ಮೊದಲು ಒಬ್ಬರು ತೆರೆದು ನೋಡಿದ್ದರು. ಚ್ವಾಂಗ್ ಪೋ-ರೆನ್, ಮೀಟಿಂಗ್ ನಡೆದ ದಿನವೇ, ಸಂಜೆ ಐದೂವರೆಗೆ. ಅದರ ಪಕ್ಕದಲ್ಲೇ ಅವನು ಹೊಸದಾಗಿ ಮಾಡಿದ ಒಂದು ಕಡತ, ಹೆಸರು 'ಅಕ್ಕನಿಗೆ ಹೇಳಬೇಕಾದದ್ದು'.

ತೆರೆಯಬಾರದಿತ್ತೋ ಏನೋ. ಕೈ ತಾನೇ ತೆರೆಯಿತು. ಎಲ್ಲರ ಮುಂದೆ ದೊಡ್ಡ ಅಕ್ಷರದಲ್ಲಿ ಬಂದದ್ದನ್ನು ಅವಳೇ ಗಟ್ಟಿಯಾಗಿ ಓದಿದಳು, ಓದುವುದು ತನ್ನ ಪಾಲಿನದು ಎಂದು.

"ತಾರೀಖು ಹದಿನಾರು. ದಿನಚರಿ ನೋಡಿದೆ. ಸಾಲು ಅಕ್ಕನದು. ಟ್ಯಾಬು ತಪ್ಪಿರಬೇಕು. ಅವರಿಗೆ ಗೊತ್ತೇ ಇಲ್ಲ. ಗೊತ್ತಿದ್ದಿದ್ದರೆ ಮೀಟಿಂಗಿನಲ್ಲೇ ಹೇಳಿಬಿಡುತ್ತಿದ್ದರು."

"ಹದಿನೆಂಟು. ಊಟಕ್ಕೆ ಕೂತಾಗ ಹೇಳೋಣ ಅಂದುಕೊಂಡೆ. ಅವರು ಇವತ್ತು ಸರಿಯಾಗಿ ಊಟವೇ ಮಾಡಲಿಲ್ಲ. ಮಗಳ ಪರೀಕ್ಷೆಯ ಚಿಂತೆ ಇರಬೇಕು. ಪರೀಕ್ಷೆ ಮುಗಿಯಲಿ."

"ಇಪ್ಪತ್ತೆರಡು. ಹೇಗೆ ಹೇಳಿದರೂ ಅವರಿಗೆ ತುಂಬ ನೋವಾಗುತ್ತೆ. ನನ್ನಿಂದಾಗಿ ಇವನು ತಲೆ ಬಗ್ಗಿಸಿದ ಅಂತ ಕೊರಗುತ್ತಾರೆ. ಆದರೂ ಹೇಳಬೇಕು. ಅಮ್ಮ ದಿನಾ ಆ ಅಜ್ಜಿಗಾಗಿ ಊದುಬತ್ತಿ ಹಚ್ಚುತ್ತಿದ್ದಾಳೆ, ನನಗೆ ನೋಡಲಾಗುತ್ತಿಲ್ಲ."

"ಇಪ್ಪತ್ತೈದು. ನಾಳೆ ಅಕ್ಕನನ್ನು ಅಮ್ಮನ ಅಂಗಡಿಗೆ ಕರೆದುಕೊಂಡು ಹೋಗಿ ಹೇಳುತ್ತೇನೆ. ಹತ್ತರ ಮೇಲೆ ಅಲ್ಲಿ ಯಾರೂ ಇರುವುದಿಲ್ಲ."

ಇಪ್ಪತ್ತಾರರ ಬೆಳಿಗ್ಗೆ ಅವನು ಸತ್ತಿದ್ದ. ಕೊನೆಯ ಸಾಲು ಓದಿ ಮುಗಿಸಿ ಯುನ್-ಚಿಂಗ್ ಮತ್ತೆ ಮೊದಲ ತಾರೀಖಿನ ಸಾಲಿಗೆ ಹೋದಳು. ಗೊತ್ತಿದ್ದಿದ್ದರೆ ಹೇಳಿಬಿಡುತ್ತಿದ್ದರು! ಒಂಬತ್ತು ದಿನ ಎದುರುಬದುರು ಕೂತು ಉಂಡಿದ್ದರು. ಅವಳು ತನ್ನನ್ನು ಉಳಿಸಿಕೊಳ್ಳಲು ಸುಮ್ಮನಿದ್ದಳು, ಅವನು ಅವಳನ್ನು ಉಳಿಸಲು. ಹೌ ಮೆಲ್ಲನೆ ಎದ್ದು ಬಂದು ಕೋಣೆ ಅಳಿಸಿಹೋಗದಂತೆ ಉಳಿಸುವ ಗುಂಡಿ ಒತ್ತಿದ. "ವರದಿ ಬದಲಾಯಿಸ್ಬೇಕು," ಎಂದ. "ನಿನ್ನ ಕೆಲಸ ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ." ಅವಳು ತಲೆಯಾಡಿಸಿದಳು. ಅದು ಅವಳಿಗೆ ಅಷ್ಟಾಗಿ ಕೇಳಿಸಿರಲೂ ಇಲ್ಲ.

ಅಂಗಡಿಗೆ ಹೋದಾಗ ಹನ್ನೊಂದಾಗಿತ್ತು. ಗಿರಾಕಿಗಳು ಯಾರೂ ಇರಲಿಲ್ಲ. ಪೋ-ರೆನ್‌ನ ತಾಯಿ ಕಾವಲಿ ಉಜ್ಜುತ್ತಿದ್ದರು. ಹಿಂದಿನ ಗೋಡೆಗೆ ಒತ್ತಿದ ಮೇಜಿನ ಮೇಲೆ ಅವನ ಫೋಟೋ, ಒಂದು ಲೋಟ ಸೋಯಾ ಹಾಲು, ಮೊಟ್ಟೆ ದೋಸೆಯ ತಟ್ಟೆ.

"ತಿಂದ್ರಾ ಅಜ್ಜಿ?" ಎಂದು ಕೇಳಿದರು, ಕಣ್ಣಲ್ಲಿ ಆಸೆಯಿಟ್ಟುಕೊಂಡು.

ಯುನ್-ಚಿಂಗ್ ನಿಂತೇ ಎಲ್ಲವನ್ನೂ ಹೇಳಿದಳು. ಅಜ್ಜಿಯ ಶಾಪ, ಅಜ್ಜಿಯ ಅಳು, ಎರಡು ಟ್ಯಾಬು, ಸಾಲು, ಮೀಟಿಂಗು. ಏನನ್ನೂ ಮೃದು ಮಾಡಲಿಲ್ಲ. ತಾಯಿ ಕಾವಲಿಯ ಮೇಲಿನ ಕೈ ತೆಗೆಯಲಿಲ್ಲ. ಹಂದಿಕಾಲು ಬೇಯಿಸಿದ ಆ ಕೈಗಳ ಬೆರಳುಗಳು ಬೆಳ್ಳಗಾದವು.

"ಅವನಿಗೆ ಗೊತ್ತಿತ್ತಾ?" ಎಂದು ಕೇಳಿದರು ಕೊನೆಗೆ.

ಇದೊಂದನ್ನು ಕೇಳದಿರಲಿ ಎಂದು ಅವಳು ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. "ಗೊತ್ತಿತ್ತು. ಅದೇ ದಿನ ಗೊತ್ತಾಯ್ತು. ನನಗೆ ನೋವಾಗುತ್ತೆ ಅಂತ ಹೇಳೋಕೆ ಕಾಯ್ತಿದ್ದ. ಇಲ್ಲಿಗೆ ಕರ್ಕೊಂಡು ಬಂದು ಹೇಳ್ಬೇಕು ಅಂತ ಬರೆದಿಟ್ಟಿದ್ದ."

"ಒಂಬತ್ತು ದಿನ," ಎಂದರು ತಾಯಿ. "ಒಂಬತ್ತು ದಿನ ಅವನ ಮುಖ ನೋಡ್ಕೊಂಡು ಊಟ ಮಾಡಿದೆಯಾ ನೀನು?" ಇಷ್ಟು ದಿನದ ಮೇಡಂ ಹೋಗಿ ನೀನು ಬಂದಿತ್ತು.

"ಮಾಡಿದೆ."

"ನಾನು ಅವನನ್ನ ಬೈದೆ. ಗೊತ್ತಾ? ಸ್ವಲ್ಪ ಕಣ್ಣು ಬಿಟ್ಟು ಕೆಲಸ ಮಾಡೋಕೆ ಆಗಲ್ವೇನೋ, ಒಬ್ಬ ಮುದುಕಿ ಸೊಂಟ ಮುರಿದೆಯಲ್ಲೋ ಅಂತ ದಿನಾ ಬೈದೆ. ಅವನು ಹೂಂ ಅಮ್ಮ, ಹೂಂ ಅಮ್ಮ ಅಂತಿದ್ದ. ಆ ದಿನ ಬೆಳಿಗ್ಗೇನೂ ಬೈದು ಕಳ್ಸಿದೆ." ತಾಯಿ ಕಾವಲಿ ಉಜ್ಜುವ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡರು. ಎಣ್ಣೆ, ಮಸಿ ಎಲ್ಲ ಮುಖಕ್ಕಾಯಿತು.

ಯುನ್-ಚಿಂಗ್ ಫೋಟೋದ ಮುಂದೆ ಮೊಣಕಾಲೂರಿದಳು. ಅಲ್ಲಿ ತಟ್ಟೆಯ ಪಕ್ಕ ಎರಡು ನಾಣ್ಯಗಳಿದ್ದವು. ಸತ್ತವರನ್ನು ಏನಾದರೂ ಕೇಳಬೇಕಾದರೆ ಅವನ್ನು ಎಸೆಯುತ್ತಾರೆ. ಒಂದು ಮುಖ, ಒಂದು ಬೆನ್ನು ಬಿದ್ದರೆ ಹೂಂ ಎಂದರ್ಥ, ಎರಡೂ ಒಂದೇ ಥರ ಬಿದ್ದರೆ ಊಹೂಂ. ಅವಳು ಕೈ ಚಾಚಿದಳು. ಕ್ಷಮಿಸಿದೀಯಾ ಪೋ-ರೆನ್ ಎಂದು ಒಂದೇ ಒಂದು ಸಲ ಕೇಳಬೇಕಿತ್ತು.

ತಾಯಿ ಬಂದು ನಾಣ್ಯಗಳ ಮೇಲೆ ಅಂಗೈ ಇಟ್ಟರು.

"ಅವನನ್ನ ಕೇಳ್ಬೇಡ," ಎಂದರು. "ಅವನು ಹೂಂ ಅಂತಾನೆ. ಹುಟ್ಟಿದಾಗಿನಿಂದ ಯಾರಿಗೂ ಊಹೂಂ ಅಂದೋನಲ್ಲ. ಕೇಳೋದಿದ್ರೆ ನನ್ನನ್ನ ಕೇಳು."

ಯುನ್-ಚಿಂಗ್ ಮೊಣಕಾಲ ಮೇಲೆಯೇ ಅವರ ಕಡೆ ತಿರುಗಿದಳು. "ನೀವು ನನ್ನನ್ನ ಕ್ಷಮಿಸ್ತೀರಾ ಅಮ್ಮ?"

ತಾಯಿ ನಾಣ್ಯಗಳನ್ನು ಬಾಚಿಕೊಂಡು ಮುಷ್ಟಿಯಲ್ಲಿ ಹಿಡಿದರು. "ಇಲ್ಲ," ಎಂದರು.

ಆಮೇಲೆ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು, ಅವಳ ರಟ್ಟೆ ಹಿಡಿದು ಎಬ್ಬಿಸಿದರು. "ಈಗ ಏಳು. ಆ ಮುದುಕಿ ತಾನೇ ನನ್ನ ಮಗನ್ನ ತಿಂದೆ ಅಂತ ಅಳ್ತಾ ಕೂತಿದಾಳೆ. ಮೊದಲು ಅಲ್ಲಿಗೆ ಹೋಗು. ಹನ್ನೆರಡಕ್ಕೆ ಬಸ್ಸಿದೆ."

ಯುನ್-ಚಿಂಗ್ ಪೂಲೀ ಬಸ್ಸು ಹಿಡಿಯಲು ಹೊರಟಳು.